ಹದಿಮೂರು ಡಿಗ್ರಿಯ ಆಕಾಶಕ್ಕೆ ಒಂದು ದೂರದರ್ಶಕ

ಮದುವೆಯ ದಿನ ಹೊಸ ಜೋಡಿಗೆ ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರ ನಮ್ಮಲ್ಲಿ ಇನ್ನೂ ಉಳಿದಿದೆ. ಸಪ್ತರ್ಷಿ ಮಂಡಲದ ಬಾಲದ ತುದಿಯಿಂದ ಎರಡನೆಯ ಚುಕ್ಕಿ ವಸಿಷ್ಠ. ಅದರ ಮಗ್ಗುಲಲ್ಲೇ ಮಿಣುಕುವ ಸಣ್ಣದು ಅರುಂಧತಿ. ದೃಷ್ಟಿ ಚೆನ್ನಾಗಿದ್ದವರಿಗೆ ಎರಡೂ ಬರಿಗಣ್ಣಿಗೇ ಬೇರೆಬೇರೆಯಾಗಿ ಕಾಣುತ್ತವೆ. 60 ಮಿಲಿಮೀಟರ್ ಅಗಲದ ಮಸೂರವಿರುವ ಸಾಧಾರಣ ದೂರದರ್ಶಕವೊಂದನ್ನು ಅಲುಗದಂತೆ ನಿಲ್ಲಿಸಿ, ಐವತ್ತು ಪಟ್ಟು ಹಿಗ್ಗಿಸಿ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ: ವಸಿಷ್ಠನೇ ಎರಡು ನಕ್ಷತ್ರ. ಗೆಲಿಲಿಯೊನ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲ್ಲಿ ಇದನ್ನು ಕಂಡು 1617ರಲ್ಲೇ ಗುರುವಿಗೆ ತಿಳಿಸಿದ್ದ. ಅವನ ಕೈಯಲ್ಲಿದ್ದ ಗಾಜಿಗಿಂತ ಇವತ್ತಿನ ಅಗ್ಗದ ದೂರದರ್ಶಕದ ಮಸೂರವೂ ಉತ್ತಮವಾಗಿರುತ್ತದೆ.

ಆದರೂ ದೂರದರ್ಶಕ ಕೊಂಡ ಎಷ್ಟೋ ಮನೆಗಳಲ್ಲಿ ವಸಿಷ್ಠ ಎರಡಾಗುವುದೇ ಇಲ್ಲ. ಎರಡು ರಾತ್ರಿ ಚಂದ್ರನನ್ನು ನೋಡಿ, ಮೂರನೆಯ ರಾತ್ರಿ ಶನಿಯನ್ನು ಹುಡುಕಿ ಸಿಗದೆ, ಡಬ್ಬಿ ಅಟ್ಟ ಸೇರುತ್ತದೆ. ಇದಕ್ಕೆ ಮಸೂರವನ್ನು ದೂರುವಂತಿಲ್ಲ. ಮೇಲಿನ ಸಾಲಿನ ‘ಅಲುಗದಂತೆ ನಿಲ್ಲಿಸಿ’ ಎಂಬ ಷರತ್ತು ಅಲ್ಲಿ ಈಡೇರಿರುವುದಿಲ್ಲ. ಕಡ್ಡಿಯಂಥ ಕಾಲುಗಳ ಟ್ರೈಪಾಡ್ ಮೇಲೆ ಕೂತ ದೂರದರ್ಶಕಕ್ಕೆ ಬೆರಳು ತಾಗಿದರೂ ಗ್ರಹ ನೋಟದಿಂದ ಆಚೆ ಹಾರುತ್ತದೆ. ನೋಟಕ್ಕೆ ಮರಳಿ ತರುವಷ್ಟರಲ್ಲಿ ಭೂಮಿ ತಿರುಗಿ ಅದು ಮತ್ತೆ ಸರಿದಿರುತ್ತದೆ.

ಮೊದಲ ದೂರದರ್ಶಕ ಆರಿಸುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದ ಆಕಾಶಕ್ಕೆಂದು ಬರೆದವು. ಅಲ್ಲಿನವರ ಅಕ್ಷಾಂಶ 40, 50 ಡಿಗ್ರಿ. ಬೆಂಗಳೂರು, ಮಂಗಳೂರುಗಳದ್ದು 13. ಬೀದರಿಗೆ ಹೋದರೂ 18 ದಾಟುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಯಾವ ದೂರದರ್ಶಕ, ಅದಕ್ಕೆ ಯಾವ ನಿಲುವು ಎಂಬ ಲೆಕ್ಕವನ್ನೇ ಅದು ಬದಲಿಸುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಒಂದು ರಾತ್ರಿ ನಿಮ್ಮ ತಾರಸಿಯ ಮೇಲೆ ನಿಂತು ಆಕಾಶ ಎಲ್ಲೆಲ್ಲಿ ತೆರೆದಿದೆ ಎಂದು ನೋಡಿ ಬನ್ನಿ. ಕೊಳ್ಳಬೇಕಾದದ್ದು ಏನೆಂದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಡಬ್ಬಿಯ ಮೇಲಿನ ಅಂಕಿ

ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘675 ಪಟ್ಟು’ ಎಂಬ ಅಂಕಿ. ಈ ಅಂಕಿ ಎಲ್ಲಿಂದ ಬರುತ್ತದೆ ನೋಡಿ. ಮುಂದಿನ ಮಸೂರದ ಸಂಗಮದೂರವನ್ನು ಕಣ್ಣಿಡುವ ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 900 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 36 ಪಟ್ಟು, 10 ಮಿ.ಮೀ. ಹಾಕಿದರೆ 90 ಪಟ್ಟು. 4 ಮಿ.ಮೀ. ಐಪೀಸ್ ಹಾಕಿ, ಅದರ ಮೇಲೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೊ ಮಸೂರವನ್ನೂ ಸೇರಿಸಿದರೆ ಸರಿಯಾಗಿ 675. ಲೆಕ್ಕ ಸುಳ್ಳಲ್ಲ. ಆದರೆ ಆ ವರ್ಧನೆಯಲ್ಲಿ ಕಾಣುವುದು ಮಸುಕಾದ, ನಡುಗುವ, ಕತ್ತಲೆಯ ಒಂದು ಮುದ್ದೆ ಮಾತ್ರ.

ದೂರದರ್ಶಕದ ಶಕ್ತಿ ಇರುವುದು ಅದರ ಮುಂದಿನ ಮಸೂರ ಅಥವಾ ಕನ್ನಡಿಯ ವ್ಯಾಸದಲ್ಲಿ. ಎಷ್ಟು ಬೆಳಕು ಹಿಡಿಯುತ್ತದೆ, ಎಷ್ಟು ಸೂಕ್ಷ್ಮ ವಿವರ ಬಿಡಿಸಿ ತೋರಿಸುತ್ತದೆ ಎಂಬುದೆಲ್ಲ ಅದನ್ನೇ ಅವಲಂಬಿಸಿದೆ. ಕತ್ತಲಿಗೆ ಒಗ್ಗಿದ ಎಳೆಯ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿ.ಮೀ. ಅಗಲ ತೆರೆಯುತ್ತದೆ. ಬೆಳಕು ವ್ಯಾಸದ ವರ್ಗದ ಲೆಕ್ಕದಲ್ಲಿ ಹೆಚ್ಚುವುದರಿಂದ 70 ಮಿ.ಮೀ. ಮಸೂರ ಅದರ ನೂರು ಪಟ್ಟು, 150 ಮಿ.ಮೀ. ಕನ್ನಡಿ ಸುಮಾರು 460 ಪಟ್ಟು ಬೆಳಕು ಕೂಡಿಸುತ್ತದೆ. ವರ್ಧನೆಯ ಮೇಲ್ಮಿತಿಯೂ ವ್ಯಾಸದಿಂದಲೇ ಬರುತ್ತದೆ: ಮಿಲಿಮೀಟರಿನಲ್ಲಿ ವ್ಯಾಸ ಎಷ್ಟೋ ಅದರ ಎರಡರಷ್ಟು. 60 ಮಿ.ಮೀ.ಗೆ 120 ಪಟ್ಟು, 130 ಮಿ.ಮೀ.ಗೆ 260 ಪಟ್ಟು. ಅದೂ ಗಾಳಿ ಶಾಂತವಾಗಿರುವ ರಾತ್ರಿಯಲ್ಲಿ. ದಿನವಿಡೀ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ಸಂಜೆಯಿಂದ ಶಾಖ ಬಿಡಲು ಶುರುಮಾಡಿ ಎಷ್ಟೋ ಹೊತ್ತು ಬಿಡುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಗ್ರಹದ ಬಿಂಬ ಕುದಿಯುವ ನೀರಿನ ತಳದಲ್ಲಿದ್ದಂತೆ ಅಲುಗುತ್ತದೆ. ಊರಿನ ತಾರಸಿಯಲ್ಲಿ 150 ಪಟ್ಟು ಹಿತವಾಗಿ ಕಂಡರೆ ಅದು ಒಳ್ಳೆಯ ರಾತ್ರಿ.

ದೊಡ್ಡ ವರ್ಧನೆ ಅಷ್ಟಾಗಿ ಬೇಕಾಗುವುದೂ ಇಲ್ಲ. ಗುರುಗ್ರಹ ನಮಗೆ ಸಮೀಪವಿರುವಾಗ ಅದನ್ನು 40 ಪಟ್ಟು ಹಿಗ್ಗಿಸಿದರೆ ಸಾಕು, ಬರಿಗಣ್ಣಿಗೆ ಪೂರ್ಣಚಂದ್ರ ಕಾಣುವಷ್ಟೇ ದೊಡ್ಡದಾಗುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೊ ಅದರ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ. ಶನಿಯ ಉಂಗುರ 30 ಪಟ್ಟಿಗೇ ಗುರುತು ಸಿಗುತ್ತದೆ. ಡಬ್ಬಿಯ ಅಂಕಿಯನ್ನು ಮರೆತು ಮುಂಭಾಗದ ವ್ಯಾಸ ಎಷ್ಟು, ನಿಲುವು ಎಷ್ಟು ಗಟ್ಟಿ ಎಂಬ ಎರಡು ಪ್ರಶ್ನೆ ಕೇಳಿದರೆ ಅಂಗಡಿಯ ಅರ್ಧ ಸರಕು ಅಲ್ಲೇ ಬಿದ್ದುಹೋಗುತ್ತದೆ.

ನೆತ್ತಿಯ ಮೇಲಿನ ಗ್ರಹಗಳು

ಲಂಡನ್ನಿನಲ್ಲಿರುವವರಿಗೆ ಗುರು ಧನುರಾಶಿಯಲ್ಲಿದ್ದ ವರ್ಷ ದುಃಖದ ವರ್ಷ. ಅದು ಅತ್ಯಂತ ಮೇಲೇರಿದಾಗಲೂ ದಿಗಂತದಿಂದ 15 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಮನೆಗಳ ಚಾವಣಿಗಳ ಮೇಲಿನ ದಟ್ಟ ಗಾಳಿಯ ಮೂಲಕವೇ ನೋಡಬೇಕು. ಅದೇ ಗುರು ಬೆಂಗಳೂರಿನಲ್ಲಿ 50 ಡಿಗ್ರಿ ಮೀರಿ ಮೇಲಿರುತ್ತದೆ. ಮಿಥುನದಲ್ಲಿದ್ದಾಗಲಂತೂ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತದೆ. ಗ್ರಹ ಮೇಲಿದ್ದಷ್ಟೂ ಅದರ ಬೆಳಕು ಹಾದುಬರಬೇಕಾದ ಗಾಳಿ ಕಡಿಮೆ, ಬಿಂಬ ಸ್ಥಿರ. ಗ್ರಹ ನೋಡುವವರಿಗೆ ಕರ್ನಾಟಕದ ಯಾವ ಊರಾದರೂ ಒಳ್ಳೆಯ ಊರು, ಬೆಂಗಳೂರಿನ ನಡುಮಧ್ಯವೂ ಸೇರಿ.

ಆದರೆ ನೆತ್ತಿಯ ಮೇಲಿನ ವಸ್ತುವನ್ನು ನೋಡುವುದು ದೇಹಕ್ಕೆ ಸುಲಭವಲ್ಲ. ಉದ್ದನೆಯ ಮಸೂರದ ದೂರದರ್ಶಕವನ್ನು ಟ್ರೈಪಾಡ್ ಮೇಲಿಟ್ಟು ನೆಟ್ಟಗೆ ಮೇಲಕ್ಕೆ ತಿರುಗಿಸಿದರೆ ಕಣ್ಣಿಡುವ ತುದಿ ಕೆಳಗೆ ಹೋಗುತ್ತದೆ. ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗನಲ್ ಕನ್ನಡಿ ಇದ್ದರೂ ಮಂಡಿಯೂರಿ ಕೂರಬೇಕು, ನಳಿಗೆ ಟ್ರೈಪಾಡಿನ ಕಾಲಿಗೆ ತಾಗದಂತೆ ನೋಡಿಕೊಳ್ಳಬೇಕು. ಅಗ್ಗದ ಟ್ರೈಪಾಡುಗಳು ಪೂರ್ತಿ ಮೇಲಕ್ಕೆ ತಿರುಗುವುದೂ ಇಲ್ಲ. ನಮ್ಮ ಆಕಾಶದಲ್ಲಿ ಒಳ್ಳೆಯದೆಲ್ಲ ನಡೆಯುವುದು ಆ ಭಾಗದಲ್ಲೇ.

ನ್ಯೂಟನ್ 1668ರಲ್ಲಿ ಕಟ್ಟಿದ ಬಗೆಯ ದೂರದರ್ಶಕಕ್ಕೆ ಈ ತೊಡಕಿಲ್ಲ. ಅದರಲ್ಲಿ ಮಸೂರದ ಬದಲು ನಳಿಗೆಯ ತಳದಲ್ಲಿ ಒಂದು ನಿಮ್ನ ಕನ್ನಡಿ ಇರುತ್ತದೆ. ಅದು ಕೂಡಿಸಿದ ಬೆಳಕನ್ನು ಬಾಯಿಯ ಹತ್ತಿರದ ಒಂದು ಪುಟ್ಟ ಓರೆಗನ್ನಡಿ ಪಕ್ಕಕ್ಕೆ ತಿರುಗಿಸುತ್ತದೆ. ಕಣ್ಣಿಡುವುದು ನಳಿಗೆಯ ಮೇಲ್ತುದಿಯಲ್ಲಿ, ಬದಿಯಿಂದ. ನಳಿಗೆ ನೆತ್ತಿಗೆ ಮುಖ ಮಾಡಿದ್ದರೂ ನೋಡುವವರು ನೆಟ್ಟಗೆ ನಿಂತು, ಅಥವಾ ಸ್ಟೂಲಿನ ಮೇಲೆ ಕೂತು ನೋಡಬಹುದು. ಅದೇ ವ್ಯಾಸದ ಒಳ್ಳೆಯ ಮಸೂರಕ್ಕೆ ಹೋಲಿಸಿದರೆ ಕನ್ನಡಿ ಅಗ್ಗವೂ ಹೌದು. ಮಸೂರದಲ್ಲಿ ಬಿಂಬದ ಅಂಚಿಗೆ ಕಾಣುವ ನೇರಳೆ ಬಣ್ಣದ ಸೋರಿಕೆಯೂ ಅದರಲ್ಲಿಲ್ಲ.

ಇನ್ನು ನಿಲುವಿನ ಮಾತು. ಇಲ್ಲಿ ಒಬ್ಬ ಸಂನ್ಯಾಸಿಯನ್ನು ನೆನೆಯಲೇಬೇಕು. ಜಾನ್ ಡಾಬ್ಸನ್ ಹುಟ್ಟಿದ್ದು 1915ರಲ್ಲಿ, ಬೀಜಿಂಗಿನಲ್ಲಿ. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಮಠ ಸೇರಿದರು. ಅದು ರಾಮಕೃಷ್ಣ ಸಂಘದ್ದೇ ಶಾಖೆ. ಮಠದಲ್ಲಿದ್ದುಕೊಂಡೇ, ಕೈಯಲ್ಲಿ ಕಾಸಿಲ್ಲದೆ, ಹಡಗಿನ ಕಿಟಕಿಯ ದಪ್ಪ ಗಾಜನ್ನು ತಾವೇ ಉಜ್ಜಿ ಕನ್ನಡಿ ಮಾಡಿಕೊಂಡರು. ಕಾಂಕ್ರೀಟ್ ಕಂಬ ಎರೆಯಲು ಬಳಸುವ ರಟ್ಟಿನ ಕೊಳವೆ ನಳಿಗೆಯಾಯಿತು, ಪ್ಲೈವುಡ್ ಪೆಟ್ಟಿಗೆ ನಿಲುವಾಯಿತು. ದೂರದರ್ಶಕವನ್ನು ತಳ್ಳಿಕೊಂಡು ಮಠದ ಹೊರಗೆ ಹೋಗಿ ನೆರೆಹೊರೆಯವರಿಗೆ ಆಕಾಶ ತೋರಿಸುತ್ತಿದ್ದರು. ಈ ಹವ್ಯಾಸ ಮಠದ ಶಿಸ್ತಿಗೆ ಹೊಂದದೆ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಶುರುವಾದ ‘ಸೈಡ್‌ವಾಕ್ ಅಸ್ಟ್ರಾನಮರ್ಸ್’ ಗುಂಪಿನೊಡನೆ ಬೀದಿಬದಿಯಲ್ಲಿ ನಿಂತು, ದಾರಿಹೋಕರನ್ನು ಕರೆದು ಶನಿಯನ್ನು ತೋರಿಸುವುದೇ ಅವರ ಬದುಕಾಯಿತು. 2014ರಲ್ಲಿ ತೀರಿಕೊಂಡರು. ತಮ್ಮ ನಿಲುವಿನ ಮೇಲೆ ಹಕ್ಕು ಸಾಧಿಸಿ ಹಣ ಮಾಡಲು ಅವರು ಹೋಗಲಿಲ್ಲ. ಇವತ್ತು ಜಗತ್ತಿನಾದ್ಯಂತ ಕಾರ್ಖಾನೆಗಳು ಅದೇ ನಿಲುವನ್ನು ಡಾಬ್ಸೋನಿಯನ್ ಎಂಬ ಹೆಸರಿನಲ್ಲಿ ಮಾಡಿ ಮಾರುತ್ತಿವೆ.

ಅದರ ರಚನೆ ಇಷ್ಟೇ: ನೆಲಕ್ಕೆ ತಾಗಿದ ಒಂದು ಹಲಗೆ, ಅದರ ಮೇಲೆ ನಡುವಿನ ಗೂಟದ ಸುತ್ತ ಬೀಸುಕಲ್ಲಿನ ಮೇಲುಕಲ್ಲಿನಂತೆ ತಿರುಗುವ ಇನ್ನೊಂದು ಹಲಗೆ, ಅದಕ್ಕೆ ಹೊಂದಿಸಿದ ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಆಡುವ ನಳಿಗೆ. ತಿಕ್ಕಾಟದ ಜಾಗದಲ್ಲಿ ಟೆಫ್ಲಾನ್ ತುಂಡುಗಳು. ಬಿಗಿಸುವ ತಿರುಪು, ಕಾಲು, ಗಿಯರು ಯಾವುದೂ ಇಲ್ಲ. ಕೈಯಿಂದ ತಳ್ಳಿದರೆ ಸರಿಯುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಭಾರವೆಲ್ಲ ನೆಲಕ್ಕೆ ಹತ್ತಿರವಿರುವುದರಿಂದ ಅಲುಗಾಟ ಬೇಗ ನಿಲ್ಲುತ್ತದೆ. ಕೊಟ್ಟ ಹಣದ ಹೆಚ್ಚಿನ ಪಾಲು ಕನ್ನಡಿಗೆ ಹೋಗುತ್ತದೆ, ಲೋಹದ ಅಲಂಕಾರಕ್ಕಲ್ಲ. ಒಂದು ಕೊರತೆಯನ್ನು ಮಾತ್ರ ಮೊದಲೇ ತಿಳಿದಿರಬೇಕು. ವಸ್ತು ಸರಿಯಾಗಿ ನೆತ್ತಿಯ ಮೇಲಿದ್ದಾಗ ಡಾಬ್ಸೋನಿಯನ್ ಮೊಂಡಾಗುತ್ತದೆ. ಪಕ್ಕಕ್ಕೆ ತಳ್ಳಲು ನಳಿಗೆಯಲ್ಲಿ ಹಿಡಿತವೇ ಸಿಗುವುದಿಲ್ಲ. ಗುರು ನೆತ್ತಿಗೆ ಬರುವ ಒಂದು ಗಂಟೆ ಮೊದಲು ಅಥವಾ ಆಮೇಲೆ ನೋಡಿದರೆ ಈ ಕಷ್ಟವಿಲ್ಲ.

ಈಕ್ವಟೋರಿಯಲ್ ಮೌಂಟ್ ಎಂಬ ಇನ್ನೊಂದು ಬಗೆಯ ನಿಲುವು ನೋಡಲು ಹೆಚ್ಚು ವೈಜ್ಞಾನಿಕವಾಗಿ ಕಾಣುತ್ತದೆ. ಮುಖ್ಯ ಅಕ್ಷವನ್ನು ಧ್ರುವನಕ್ಷತ್ರದ ಕಡೆಗೆ ಹೊಂದಿಸಿಬಿಟ್ಟರೆ ಒಂದೇ ಹಿಡಿಯನ್ನು ತಿರುಗಿಸುತ್ತಾ ವಸ್ತುವನ್ನು ಹಿಂಬಾಲಿಸಬಹುದು. ಛಾಯಾಗ್ರಹಣಕ್ಕೆ ಅದು ಬೇಕೇಬೇಕು. ಆದರೆ ಧ್ರುವನ ಎತ್ತರ ಎಂದರೆ ಊರಿನ ಅಕ್ಷಾಂಶವೇ. ನಮ್ಮಲ್ಲಿ ಅದು 13 ಡಿಗ್ರಿ. ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ, ದೂಳಿನ ಪದರದಲ್ಲಿ ಮುಳುಗಿರುತ್ತದೆ. ಅಗ್ಗದ ಮೌಂಟುಗಳಲ್ಲಿ ಕೆಲವು ಅಷ್ಟು ಕೆಳಗೆ ಬಾಗುವುದೇ ಇಲ್ಲ. ಬಾಗಿದರೂ ಸಮತೂಕದ ಬಟ್ಟಿನ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಉತ್ತರದ ದೇಶಗಳಲ್ಲಿ ಹೊಸಬರಿಗೆ ಇದು ತುಸು ತೊಡಕಿನದು, ಅಷ್ಟೇ. ನಮ್ಮ ತಾರಸಿಯಲ್ಲಿ ಇದು ಮೊದಲ ದೂರದರ್ಶಕಕ್ಕೆ ಹೊಂದುವ ನಿಲುವೇ ಅಲ್ಲ. ಅದೇ ಬೆಲೆಗೆ ‘ಈಕ್ಯೂ’ ಎಂದು ಬರೆದ 114 ಮಿ.ಮೀ. ಮತ್ತು ಪುಟ್ಟ ಡಾಬ್ಸೋನಿಯನ್ನಿನ 130 ಮಿ.ಮೀ. ಎದುರಾದರೆ ಯೋಚಿಸದೆ ಎರಡನೆಯದನ್ನು ತನ್ನಿ.

ಮೆಟ್ಟಿಲು ಎಷ್ಟು?

ಈಗ ನೇರವಾಗಿ ನನ್ನ ಆಯ್ಕೆಗಳನ್ನು ಹೇಳುತ್ತೇನೆ. ಆಕಾಶದ ಪರಿಚಯವೇ ಇಲ್ಲದವರು, ಕೈಯಲ್ಲಿ ಹಣ ಕಡಿಮೆ ಇರುವವರು, ಹಳ್ಳಿಯ ಕತ್ತಲು ಸಿಗುವವರು ಮೊದಲು 10×50 ಬೈನಾಕ್ಯುಲರ್ ಕೊಳ್ಳಿ. ಹತ್ತು ಪಟ್ಟು ವರ್ಧನೆ, 50 ಮಿ.ಮೀ. ಮಸೂರ. ಕೃತ್ತಿಕೆಯ ಗುಚ್ಛ, ಗುರುವಿನ ಚಂದ್ರರು, ಚಂದ್ರನ ಕುಳಿಗಳು, 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಕ್ಸಿಯ ಮಂಕು ಮಚ್ಚೆ, ಇವೆಲ್ಲ ಅದರಲ್ಲಿ ಕಾಣುತ್ತವೆ. ಗೋಡೆಗೆ ಮೊಣಕೈ ಊರಿ ಹಿಡಿದರೆ ಇನ್ನೂ ಚೆನ್ನ. ಮುಂದೆ ಎಷ್ಟೇ ದೊಡ್ಡ ದೂರದರ್ಶಕ ಬಂದರೂ ಬೈನಾಕ್ಯುಲರ್ ಮೂಲೆ ಸೇರುವುದಿಲ್ಲ. ಅದರ ವಿಶಾಲ ನೋಟ ದೂರದರ್ಶಕಕ್ಕೆ ಸಿಗದು.

ದೂರದರ್ಶಕವೇ ಬೇಕೆನ್ನುವವರಿಗೆ ಮೇಜಿನ ಮೇಲಿಡುವ 130 ಮಿ.ಮೀ. ಡಾಬ್ಸೋನಿಯನ್ ನನ್ನ ಮೊದಲ ಮಾತು. ಮಧ್ಯಮ ದರ್ಜೆಯ ಮೊಬೈಲ್ ಫೋನಿನ ಬೆಲೆಗೆ ಸಿಗುತ್ತದೆ, ತೂಕ ಆರೇಳು ಕಿಲೊ, ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಬಹುದು. ಸಂಗಮದೂರ 650 ಮಿ.ಮೀ. ಇದ್ದರೆ 25 ಮಿ.ಮೀ. ಐಪೀಸಿನಲ್ಲಿ 26 ಪಟ್ಟು, 10 ಮಿ.ಮೀ.ನಲ್ಲಿ 65 ಪಟ್ಟು. ಗ್ರಹಗಳಿಗೆಂದು ಆಮೇಲೆ 5 ಮಿ.ಮೀ. ಆಸುಪಾಸಿನ ಒಂದು ಒಳ್ಳೆಯ ಐಪೀಸ್ ತಂದರೆ ಸಾಕು. ಅದನ್ನಿಡಲು ಗಟ್ಟಿ ಮೇಜು ಅಥವಾ ಸ್ಟೂಲು ಬೇಕು. ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟರೆ ಟ್ರೈಪಾಡಿನ ಕಥೆಯೇ ಮರಳುತ್ತದೆ. ಇಷ್ಟು ಗಿಡ್ಡ ಸಂಗಮದೂರದ ಕನ್ನಡಿ ಪರವಲಯಾಕಾರದಲ್ಲಿರಬೇಕು. ಗೋಳಾಕಾರದ್ದಾದರೆ ಬಿಂಬ ಯಾವ ಐಪೀಸಿನಲ್ಲೂ ಚೂಪಾಗುವುದಿಲ್ಲ. ಇದನ್ನು ಮಾರುವವರಲ್ಲಿ ಕೇಳಿ, ವಿವರಣೆಯ ಹಾಳೆಯಲ್ಲಿ ಓದಿ ಖಚಿತಪಡಿಸಿಕೊಳ್ಳಿ.

ನೆಲಕ್ಕೆ ನಿಲ್ಲುವ 150 ಮಿ.ಮೀ. ಡಾಬ್ಸೋನಿಯನ್ ಇನ್ನೂ ಉತ್ತಮ, ಬಹುಕಾಲ ಬಾಳುವ ಆಯ್ಕೆ. ಗುರುವಿನ ಪಟ್ಟೆಗಳು, ಶನಿಯ ಉಂಗುರದೊಳಗಿನ ಕ್ಯಾಸಿನಿ ಸೀಳು, ಮಂಗಳ ಸಮೀಪ ಬಂದಾಗ ಅದರ ಧ್ರುವದ ಹಿಮ ಇದರಲ್ಲಿ ಒಳ್ಳೆಯ ರಾತ್ರಿ ಬಿಡಿಯಾಗಿ ಕಾಣುತ್ತವೆ. ಆದರೆ ನಳಿಗೆ ನಾಲ್ಕು ಅಡಿ ಉದ್ದ, ಒಟ್ಟು ತೂಕ ಹದಿನೈದು ಕಿಲೊ ಮೀರುತ್ತದೆ. 200 ಮಿ.ಮೀ.ನದ್ದು ಇಪ್ಪತ್ತು ಕಿಲೊ ದಾಟುತ್ತದೆ. ನೀವಿರುವುದು ಎರಡನೆಯ ಮಹಡಿಯಲ್ಲಿ, ಲಿಫ್ಟ್ ತಾರಸಿಯವರೆಗೆ ಹೋಗುವುದಿಲ್ಲ, ಅಪಾರ್ಟ್‌ಮೆಂಟಿನ ಸಂಘ ತಾರಸಿಗೆ ಬೀಗ ಹಾಕಿದೆ ಎಂದಾದರೆ ದೊಡ್ಡ ಕನ್ನಡಿಯ ಆಸೆ ಬಿಡುವುದೇ ಲೇಸು. ಬಾಲ್ಕನಿ ಮಾತ್ರ ಇರುವವರಿಗೆ, ಗಟ್ಟಿ ಟ್ರೈಪಾಡ್ ಸಿಗುವುದಾದರೆ, 80 ಮಿ.ಮೀ.ನ ಮಸೂರದ ದೂರದರ್ಶಕವೂ ಆದೀತು. ನೆತ್ತಿ ಹೇಗೂ ಚಾವಣಿಯ ಹಿಂದಿರುತ್ತದೆ. ಆದರೆ ಕಿಟಕಿಯ ಗಾಜಿನ ಮೂಲಕ ನೋಡಬೇಡಿ. ಗಾಜು ಬಿಂಬವನ್ನು ಕೆಡಿಸಿಬಿಡುತ್ತದೆ.

ತಾನೇ ನಕ್ಷತ್ರ ಹುಡುಕಿಕೊಳ್ಳುವ ಮೋಟಾರಿನ ದೂರದರ್ಶಕ ಮೊದಲನೆಯದಾಗಿ ಬೇಡವೆಂದೇ ನನ್ನ ಅಭಿಪ್ರಾಯ. ಅದೇ ಹಣಕ್ಕೆ ಸಿಗುವ ವ್ಯಾಸ ಅರ್ಧಕ್ಕೆ ಇಳಿಯುತ್ತದೆ. ಮೊದಲಿಗೆ ಅದಕ್ಕೆ ಒಂದೆರಡು ನಕ್ಷತ್ರಗಳನ್ನು ನಾವೇ ತೋರಿಸಿಕೊಡಬೇಕಾದ್ದರಿಂದ ಆಕಾಶ ತಿಳಿಯದೆ ಅದೂ ನಡೆಯುವುದಿಲ್ಲ. ಈಚೆಗೆ ಬಂದಿರುವ ಸ್ಮಾರ್ಟ್ ದೂರದರ್ಶಕಗಳ ವಿಷಯ ಬೇರೆ. ಅವುಗಳಲ್ಲಿ ಕಣ್ಣಿಡುವ ಜಾಗವೇ ಇಲ್ಲ; ಹಲವು ನಿಮಿಷ ಬೆಳಕು ಕೂಡಿಸಿ ಚಿತ್ರವನ್ನು ಫೋನಿಗೆ ಕಳಿಸುತ್ತವೆ. ಬೆಂಗಳೂರಿನ ಬೆಳಕಿನ ನಡುವೆಯೂ ನೀಹಾರಿಕೆಗಳ ಬಣ್ಣ ತರುತ್ತವೆ, ಕಣ್ಣಿನ ದೃಷ್ಟಿ ಕುಂದಿದವರಿಗೆ ವರದಾನ. ಆದರೆ ಶನಿಯಿಂದ ಹೊರಟು ಒಂದು ಗಂಟೆಗೂ ಹೆಚ್ಚು ಕಾಲ ಪಯಣಿಸಿದ ಬೆಳಕು ನೇರ ನಿಮ್ಮ ಕಣ್ಣಿಗೇ ಬೀಳುವ ಅನುಭವ ಬೇರೆಯದೇ. ಮಕ್ಕಳಿಗೆ ಮೊದಲು ಅದು ಸಿಗಲಿ ಎಂದು ನನ್ನ ಬಯಕೆ.

ಒಂದು ಮೋಸವನ್ನು ಗುರುತಿಸಲು ಕಲಿಯಿರಿ. ವಿವರಣೆಯಲ್ಲಿ ‘127 ಮಿ.ಮೀ. ವ್ಯಾಸ, 1000 ಮಿ.ಮೀ. ಸಂಗಮದೂರ’ ಎಂದಿರುತ್ತದೆ, ಆದರೆ ನಳಿಗೆ ಅರ್ಧ ಮೀಟರಿನಷ್ಟೇ ಉದ್ದ. ನ್ಯೂಟನ್ ಬಗೆಯಲ್ಲಿ ನಳಿಗೆಯ ಉದ್ದ ಹೆಚ್ಚುಕಡಿಮೆ ಸಂಗಮದೂರದಷ್ಟೇ ಇರಬೇಕು. ಇಲ್ಲಿ ಗೋಳಾಕಾರದ ಅಗ್ಗದ ಕನ್ನಡಿ ಹಾಕಿ, ಐಪೀಸಿನ ಕೊಳವೆಯೊಳಗೆ ಒಂದು ಮಸೂರ ಕೂರಿಸಿ ಸರಿತೂಗಿಸಲು ನೋಡಿರುತ್ತಾರೆ. ಅಗ್ಗದ ತಯಾರಿಕೆಯಲ್ಲಿ ಅದು ಸರಿತೂಗುವುದಿಲ್ಲ, ಕನ್ನಡಿಗಳನ್ನು ಹೊಂದಿಸುವುದೂ ದುಸ್ತರ.

ಇದಕ್ಕಿಂತ ಗಂಭೀರವಾದದ್ದು ಸೂರ್ಯನ ವಿಷಯ. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಮಂಗಳೂರು, ಕೊಡಗುಗಳಲ್ಲಿ ನೋಡಿದವರಿಗೆ ಆ ಬೆಂಕಿಯ ಬಳೆಯ ಆಕರ್ಷಣೆ ಗೊತ್ತು. ಕೆಲವು ಅಗ್ಗದ ದೂರದರ್ಶಕಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ‘ಸನ್ ಫಿಲ್ಟರ್’ ಬರುತ್ತದೆ. ಅದನ್ನು ಅವತ್ತೇ ಒಡೆದು ಬಿಸಾಡಿ. ಮಸೂರ ಕೂಡಿಸಿದ ಬಿಸಿಲೆಲ್ಲ ಆ ಗಾಜಿನ ಮೇಲೆ ಬೀಳುತ್ತದೆ. ಕಾದು ಬಿರುಕು ಬಿಟ್ಟ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಸೂರ್ಯನ ಫಿಲ್ಟರ್ ಇರಬೇಕಾದದ್ದು ನಳಿಗೆಯ ಮುಂಬಾಯಿಗೆ, ಬೆಳಕು ಒಳಗೆ ಬರುವ ಮೊದಲೇ ತಡೆಯುವಂತೆ, ಗಾಳಿಗೆ ಹಾರದಂತೆ ಬಿಗಿಯಾಗಿ. ಗುರಿ ಹಿಡಿಯುವ ಫೈಂಡರಿಗೂ ಮುಚ್ಚಳ ಹಾಕಿರಬೇಕು. ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ದೂರದರ್ಶಕವನ್ನು ತೆರೆದು ಬಿಟ್ಟು ಹೋಗಲೇಬೇಡಿ.

ಕೊಳ್ಳುವ ಮೊದಲು ಬೇರೆಯವರ ದೂರದರ್ಶಕದಲ್ಲಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪಾಠ. ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರು ತಾರಾಲಯವಿದೆ. ಹವ್ಯಾಸಿಗಳ ಸಂಘಗಳಿವೆ, ಅವುಗಳಲ್ಲಿ ಅಸೋಸಿಯೇಷನ್ ಆಫ್ ಬೆಂಗಳೂರ್ ಅಮೆಚೂರ್ ಅಸ್ಟ್ರಾನಮರ್ಸ್‌ನವರು ಕನ್ನಡಿ ಉಜ್ಜುವುದನ್ನು ಕಲಿಸಿದವರು. ಮಂಗಳೂರಿನ ಪಿಲಿಕುಳದಲ್ಲಿ ತಾರಾಲಯ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಬಳಗ ಇವೆ. ಕನ್ನಡದಲ್ಲೇ ಆಕಾಶ ಕಲಿಯಬೇಕೆಂದರೆ ಜಿ.ಟಿ. ನಾರಾಯಣ ರಾವ್, ಬಿ.ಎಸ್. ಶೈಲಜಾ ಅವರ ಬರಹಗಳಿವೆ. ಇಂಥ ಕೂಟಗಳಲ್ಲಿ ಎರಡು ಗಂಟೆ ಕಳೆದರೆ ನಿಜವಾಗಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ತಿಳಿಯುತ್ತದೆ. ಡಬ್ಬಿಯ ಮೇಲಿನ ಕೆಂಪು ನೀಲಿ ನೀಹಾರಿಕೆಗಳು ಕಣ್ಣಿಗೆ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿಯಿಲ್ಲ. ಮಹಾವ್ಯಾಧನ ಖಡ್ಗದಲ್ಲಿರುವ ಪ್ರಸಿದ್ಧ ನೀಹಾರಿಕೆಯೂ ಬೂದು ಹಸುರಿನ ಹೊಗೆಯಂತೆಯೇ ತೋರುತ್ತದೆ. ಕತ್ತಲಲ್ಲಿ ಅರ್ಧ ಗಂಟೆ ಕಣ್ಣನ್ನು ಒಗ್ಗಿಸಿ, ಫೋನ್ ಮುಟ್ಟದೆ, ವಸ್ತುವಿನ ತುಸು ಪಕ್ಕಕ್ಕೆ ದೃಷ್ಟಿಯಿಟ್ಟರೆ ಆ ಹೊಗೆಯಲ್ಲಿ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ.

ತೆಂಕಣ ಆಕಾಶ

ನಮ್ಮ ಅಕ್ಷಾಂಶ ನಮಗೆ ಕೊಟ್ಟಿರುವ ಇನ್ನೊಂದು ಆಸ್ತಿ ದಕ್ಷಿಣ ದಿಕ್ಕು. ಖಗೋಳವಿಜ್ಞಾನಿ ವೇಣು ಬಾಪು ಅವರು 1960ರ ದಶಕದಲ್ಲಿ ವೀಕ್ಷಣಾಲಯಕ್ಕೆ ಜಾಗ ಹುಡುಕಿ ತಮಿಳುನಾಡಿನ ಕಾವಲೂರನ್ನು ಆರಿಸಿದ್ದಕ್ಕೆ ಇದೂ ಒಂದು ಕಾರಣ. ಕಾವಲೂರು 12 ಡಿಗ್ರಿ 34 ನಿಮಿಷದಲ್ಲಿದೆ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನ ಸಾಲಿನಲ್ಲೇ. 1986ರಿಂದ ಕೆಲಸ ಮಾಡುತ್ತಿರುವ, ಅವರದೇ ಹೆಸರಿನ 2.34 ಮೀಟರ್ ದೂರದರ್ಶಕ ಅಲ್ಲಿಂದ ನೋಡುವುದು ನಮ್ಮ ತಾರಸಿಯಿಂದ ಕಾಣುವ ಆಕಾಶವನ್ನೇ. ಅದನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಇರುವುದೂ ಬೆಂಗಳೂರಿನ ಕೋರಮಂಗಲದಲ್ಲಿ.

ಚಳಿಗಾಲದ ಸಂಜೆ ಅಗಸ್ತ್ಯ ನಕ್ಷತ್ರ ದಕ್ಷಿಣದಲ್ಲಿ 24 ಡಿಗ್ರಿ ಮೇಲೇರುತ್ತದೆ; ಲಂಡನ್ನಿನವರು ಅದನ್ನು ತಮ್ಮೂರಿನಿಂದ ನೋಡಲಾರರು. ಏಪ್ರಿಲ್, ಮೇ ತಿಂಗಳಲ್ಲಿ ತ್ರಿಶಂಕು ನೆಟ್ಟಗೆ ನಿಲ್ಲುತ್ತದೆ. ಅದರ ಈಶಾನ್ಯಕ್ಕೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ ಒಮೆಗಾ ಸೆಂಟಾರಿ. ಹಳ್ಳಿಯ ಕತ್ತಲಲ್ಲಿ ಬರಿಗಣ್ಣಿಗೆ ಮಂಕು ನಕ್ಷತ್ರದಂತೆ ಕಾಣುವ ಇದು ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಗುಚ್ಛ, ನಮ್ಮಿಂದ 17,000 ಜ್ಯೋತಿರ್ವರ್ಷ ದೂರ. ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆ. 130 ಮಿ.ಮೀ. ಕನ್ನಡಿಯಲ್ಲಿ ಅಂಚಿನಿಂದ ಒಳಗಿನವರೆಗೆ ಅದು ಕಣಕಣವಾಗಿ ಒಡೆಯತೊಡಗುತ್ತದೆ, ದೃಷ್ಟಿ ನಿಂತಷ್ಟೂ ಹೊಸ ಚುಕ್ಕಿಗಳು ಮೂಡುತ್ತವೆ. ಉತ್ತರದ ದೇಶಗಳ ಪುಸ್ತಕಗಳು ತಮ್ಮ ಓದುಗರಿಗೆ ಹೊಗಳುವ ಎಂ13 ಗುಚ್ಛ ಇದರ ಮುಂದೆ ಚಿಕ್ಕದು. ಇಡೀ ಆಕಾಶದ ಅತಿ ದೊಡ್ಡ, ಅತಿ ಪ್ರಕಾಶಮಾನ ಗೋಳಗುಚ್ಛ ಚಿತ್ರದುರ್ಗ, ರಾಯಚೂರುಗಳ ಬಯಲಿನಿಂದ, ಶಿವಮೊಗ್ಗದ ಹಳ್ಳಿಯೊಂದರ ಅಂಗಳದಿಂದ ಕಾಣುತ್ತಿರುವಾಗ ನಮ್ಮ ಮಕ್ಕಳು ಬೇರೆ ದೇಶದ ಪಟ್ಟಿ ಹಿಡಿದು ಆಕಾಶ ಹುಡುಕುವುದು ನನಗೆ ಸಂಕಟದ ಸಂಗತಿ. ದೂರದರ್ಶಕ ಆರಿಸುವಾಗ ಮನೆಯ ದಕ್ಷಿಣ ದಿಕ್ಕು ತೆರೆದಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಬೇಸಗೆ ರಜೆಗೆ ಅಜ್ಜಿಯ ಊರಿಗೆ ಹೊರಡುವ ಬಸ್ಸಿನಲ್ಲಿ ಹಿಡಿಸುವಷ್ಟು ಚಿಕ್ಕದನ್ನೇ ಕೊಳ್ಳಿ.

ತಂದ ದಿನವೇ ರಾತ್ರಿ ಆತುರದಿಂದ ಆಕಾಶಕ್ಕೆ ತಿರುಗಿಸಬೇಡಿ. ಸಂಜೆ ಬೆಳಕಿರುವಾಗ, ಸೂರ್ಯನಿಂದ ದೂರದ ದಿಕ್ಕಿನಲ್ಲಿ ಒಂದು ಮೊಬೈಲ್ ಟವರಿನ ತುದಿಯನ್ನು 25 ಮಿ.ಮೀ. ಐಪೀಸಿನ ನಡುವೆ ತಂದುಕೊಳ್ಳಿ. ಆಮೇಲೆ ಫೈಂಡರಿನ ತಿರುಪುಗಳನ್ನು ತಿರುಗಿಸಿ ಅದೇ ತುದಿ ಅದರಲ್ಲೂ ನಡುವೆ ಬರುವಂತೆ ಮಾಡಿ. ಹತ್ತು ನಿಮಿಷದ ಈ ಕೆಲಸ ಮಾಡದಿರುವುದರಿಂದಲೇ ಹೆಚ್ಚಿನವರಿಗೆ ಶನಿ ಸಿಗುವುದಿಲ್ಲ. ನೋಡುವ ಅರ್ಧ ಗಂಟೆ ಮೊದಲು ದೂರದರ್ಶಕವನ್ನು ಹೊರಗಿಡಿ, ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲಿ. ಯಾವಾಗಲೂ ಕಡಿಮೆ ವರ್ಧನೆಯ ಐಪೀಸಿನಿಂದ ಶುರುಮಾಡಿ. ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ. ಅಷ್ಟಮಿಯ ಆಸುಪಾಸಿನಲ್ಲಿ, ಬೆಳಕು ಕತ್ತಲೆ ಕೂಡುವ ಗೆರೆಯ ಉದ್ದಕ್ಕೆ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುವಾಗ ನೋಡಿ.

ಜೂನಿನಲ್ಲಿ ಮುಂಗಾರು ಬಂದರೆ ಆಕಾಶ ಮುಚ್ಚುತ್ತದೆ. ಕರಾವಳಿ, ಮಲೆನಾಡಿನಲ್ಲಿ ಆ ನಾಲ್ಕು ತಿಂಗಳು ಮಸೂರಕ್ಕೆ ಬೂಷ್ಟು ಹಿಡಿಯುವ ಕಾಲ, ಒಮ್ಮೆ ಹಿಡಿದರೆ ಗಾಜನ್ನೇ ತಿನ್ನುತ್ತದೆ. ಇಬ್ಬನಿ ಕೂತ ನಳಿಗೆಗೆ ಒದ್ದೆಯಲ್ಲೇ ಮುಚ್ಚಳ ಹಾಕದೆ ಒಣಗಲು ಬಿಡಿ. ಐಪೀಸ್, ಬೈನಾಕ್ಯುಲರುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಟ್ಟು, ಪೊಟ್ಟಣಗಳನ್ನು ಆಗಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡಿ. ಕನ್ನಡಿಯ ಮೇಲೆ ಒಂದಿಷ್ಟು ದೂಳು ಕಂಡರೆ ಕಂಗಾಲಾಗಿ ಬಟ್ಟೆಯಿಂದ ಒರಸಬೇಡಿ. ದೂಳಿನಿಂದ ನೋಟ ಕೆಡುವುದಿಲ್ಲ, ಒರಸಿದ ಗೀರಿನಿಂದ ಕೆಡುತ್ತದೆ. ಮಳೆ ಬಿಟ್ಟು ಅಕ್ಟೋಬರಿನಲ್ಲಿ ಹೊರತೆಗೆದಾಗ ಎರಡೂ ಕನ್ನಡಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ. ಆಮೇಲೆ ಶನಿಯ ಕಡೆಗೆ ತಿರುಗಿಸಿ. 2025ರ ಮಾರ್ಚಿನಲ್ಲಿ ಭೂಮಿಗೆ ಅಂಚು ತೋರಿಸಿ ಗೆರೆಯಷ್ಟೇ ಆಗಿದ್ದ ಅದರ ಉಂಗುರ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತಾ 2032ರ ಹೊತ್ತಿಗೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಮನೆಯ ಮಗು ಈಗ ಎಂಟು ವರ್ಷದ್ದಾದರೆ, ಅದು ಹೈಸ್ಕೂಲು ಮುಗಿಸುವವರೆಗೂ ಪ್ರತಿ ಅಕ್ಟೋಬರಿನಲ್ಲಿ ಒಂದು ಚಿತ್ರ ಬರೆದಿಟ್ಟುಕೊಳ್ಳುವಷ್ಟು ಬದಲಾವಣೆ ಅದರಲ್ಲಿ ಕಾಣುತ್ತದೆ.